ಪದವಿ ಅರ್ಜಿಯನ್ನು ತುಂಬಬೇಕಾದವರು ಯಾರು?

ದ್ವಿತೀಯ ಪಿಯುಸಿ ಫಲಿತಾಂಶ ಬಂದೊಡನೆ ನಮ್ಮ ಹಲವು ಮನೆಗಳಲ್ಲಿ ಅಂಕಪಟ್ಟಿ, ಆಧಾರ್ ಕಾರ್ಡುಗಳನ್ನು ಚೀಲದಲ್ಲಿಟ್ಟು ಮಕ್ಕಳನ್ನು ಸೈಬರ್ ಅಂಗಡಿಗೆ ಕಳುಹಿಸಲಾಗುತ್ತದೆ. ಅರ್ಧ ಗಂಟೆಯಲ್ಲಿ ಅರ್ಜಿ ಮುಗಿಯಿತೆಂದು ಹೆತ್ತವರಿಗೆ ಸಮಾಧಾನ. ಈ ಸಮಾಧಾನವನ್ನು ನಾನು ಒಪ್ಪಲಾರೆ.

ಕರ್ನಾಟಕದ ಸರಕಾರಿ ವಿಶ್ವವಿದ್ಯಾಲಯಗಳ ಪದವಿ ಪ್ರವೇಶಕ್ಕೆ ಈಗ ಯುಯುಸಿಎಂಎಸ್ ಎಂಬ ಏಕೀಕೃತ ಜಾಲತಾಣವಿದೆ. ಅಲ್ಲಿ ತೆರೆದ ಖಾತೆ ಪ್ರವೇಶದೊಂದಿಗೆ ಮುಗಿಯುವುದಿಲ್ಲ. ಮುಂದಿನ ಪರೀಕ್ಷಾ ಅರ್ಜಿ, ಫಲಿತಾಂಶಗಳೂ ಅದರಲ್ಲಿಯೇ. ಅಂಗಡಿಯವರು ಅವಸರದಲ್ಲಿ ತಮ್ಮದೇ ಮೊಬೈಲ್ ಸಂಖ್ಯೆಯನ್ನು ನಮೂದಿಸಿದರೆ ಒಟಿಪಿ ಅವರಿಗೇ ಹೋಗುತ್ತದೆ. ಪರೀಕ್ಷಾ ಶುಲ್ಕದ ಕೊನೆಯ ದಿನ ವಿದ್ಯಾರ್ಥಿನಿಯು ಮುಚ್ಚಿದ ಅಂಗಡಿಯ ಮುಂದೆ ನಿಲ್ಲಬೇಕೇ?

ಹೆಸರಿನ ತೊಡಕು ನಮ್ಮಲ್ಲಿ ಹೆಚ್ಚು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಫಾತಿಮಾ, ಆಧಾರ್‌ನಲ್ಲಿ ಫಾತಿಮತ್. ಇದನ್ನು ರಜೆಯಲ್ಲಿಯೇ ಸರಿಪಡಿಸಬೇಕು. ಪ್ರವರ್ಗ 2ಬಿ ಪ್ರಮಾಣಪತ್ರವನ್ನೂ ನಾಡಕಚೇರಿಯಿಂದ ಮೊದಲೇ ಪಡೆದು, ಅದರ ಆರ್‌ಡಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು.

ವಿಷಯಗಳ ಆಯ್ಕೆಯಂತೂ ಅಂಗಡಿಯವರ ಕೆಲಸವಲ್ಲ. "ಎಲ್ಲರೂ ಬಿ.ಕಾಂ. ಹಾಕಿದ್ದಾರೆ" ಎಂಬ ಮಾತಿಗೆ ಇತಿಹಾಸವನ್ನು ಪ್ರೀತಿಸುವ ಮಗುವಿನ ಮೂರು ವರ್ಷಗಳು ಬಲಿಯಾಗಬಾರದು. (ಬಿ.ಎ.ಯಲ್ಲಿ ಕನ್ನಡವನ್ನು ಓದಿದ್ದರಿಂದ ನನಗೇನೂ ನಷ್ಟವಾಗಿಲ್ಲ.)

ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ವಿಧಿಸುವ ಸೂಕ್ತವೇ ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ. ಬರೆಹಕ್ಕೆ ಅಷ್ಟು ಗೌರವ ಕೊಟ್ಟ ಸಮುದಾಯವು ಆದಾಯದ ಅಂಕಣವನ್ನು ಅಂದಾಜಿನಲ್ಲಿ ತುಂಬಿಸುವುದು ಸಲ್ಲದು. ವಿವರಗಳೆಲ್ಲ ಸತ್ಯವೆಂದು ಒಪ್ಪಿಕೊಳ್ಳುವುದೂ ಒಂದು ಸಾಕ್ಷ್ಯ.

ಅಂಗಡಿಯ ಕಂಪ್ಯೂಟರನ್ನು ಬಳಸಲಿ, ತಪ್ಪಿಲ್ಲ. ಆದರೆ ಕೀಲಿಮಣೆಯ ಮುಂದೆ ಮಗಳೇ ಕುಳಿತಿರಲಿ. ಅಂತಿಮವಾಗಿ ಸಲ್ಲಿಸುವ ಮುನ್ನ ಅವಳು ಪ್ರತಿಯೊಂದು ಸಾಲನ್ನೂ ತಾಯಿಗೆ ಓದಿ ಹೇಳಲಿ.