ಬಿಸಿಲು ನಮ್ಮದು, ಎಣ್ಣೆ ಪರರದು

ಪರ್ಯಾಯ ಇಂಧನಗಳು ಯಾವುವು ಎಂದು ಕೇಳಿದರೆ ನಮ್ಮ ಗಡಿನಾಡ ಶಾಲೆಗಳ ಮಕ್ಕಳು ಸೌರಶಕ್ತಿ, ಪವನಶಕ್ತಿ, ಜೈವಿಕ ಅನಿಲ ಎಂದು ಒಂದೇ ಉಸಿರಿಗೆ ಹೇಳುತ್ತಾರೆ. ಇವುಗಳಿಂದ ಡೀಸೆಲ್ ಹೇಗೆ ಉಳಿಯುತ್ತದೆ ಎಂದು ಕೇಳಿದರೆ ಮಾತ್ರ ತರಗತಿ ಸುಮ್ಮನಾಗುತ್ತದೆ. ಆದರೆ ಕೇಳಬೇಕಾದ ಪ್ರಶ್ನೆ ಅದೇ.

ನಮ್ಮ ದೇಶ ಬಳಸುವ ಕಚ್ಚಾ ಎಣ್ಣೆಯಲ್ಲಿ ಶೇ. 85ಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. 1973ರಲ್ಲಿ ಅರಬ್ ದೇಶಗಳು ಎಣ್ಣೆಗೆ ತಡೆ ಹಾಕಿದಾಗ ಕೆಲವೇ ತಿಂಗಳಲ್ಲಿ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. 2022ರಲ್ಲಿ ಉಕ್ರೇನಿನಲ್ಲಿ ಯುದ್ಧ ಶುರುವಾದಾಗಲೂ ಬೆಲೆ ಏರಿತು. ಯುದ್ಧ ಎಲ್ಲೋ ನಡೆದರೂ ಸೊಲ್ಲಾಪುರದ ದಾಳಿಂಬೆ ಸಾಗಿಸುವ ಲಾರಿಗೆ ಅದರ ಬಿಸಿ ತಟ್ಟುತ್ತದೆ.

ಹಾಗಾದರೆ ಜತ್ತದ ಗುಡ್ಡಗಳ ಮೇಲೆ ತಿರುಗುವ ಪವನಚಕ್ಕಿಗಳು ಎಣ್ಣೆ ಉಳಿಸುತ್ತಿವೆಯೇ? ನೇರವಾಗಿ ಇಲ್ಲ. ನಮ್ಮಲ್ಲಿ ಕರೆಂಟು ಹೆಚ್ಚಾಗಿ ಕಲ್ಲಿದ್ದಲಿನಿಂದ ಬರುತ್ತದೆ, ಎಣ್ಣೆಯಿಂದ ಬರುವುದು ಅತ್ಯಲ್ಪ. ಪವನಚಕ್ಕಿ ಉಳಿಸುವುದು ಕಲ್ಲಿದ್ದಲನ್ನು. ಎಣ್ಣೆ ಉಳಿಯಬೇಕಾದರೆ ಎಣ್ಣೆಯಿಂದ ಓಡುವ ಯಂತ್ರಗಳೇ ಕರೆಂಟಿಗೆ ಬದಲಾಗಬೇಕು.

ರೈಲ್ವೆ ಈ ಕೆಲಸ ಮಾಡಿ ತೋರಿಸಿದೆ. 1925ರಲ್ಲಿ ಮುಂಬಯಿಯಲ್ಲಿ ಮೊದಲ ವಿದ್ಯುತ್ ರೈಲು ಓಡಿತು. ಇಂದು ದೇಶದ ಬ್ರಾಡ್‌ಗೇಜ್ ಮಾರ್ಗಗಳು ಬಹುತೇಕ ವಿದ್ಯುದೀಕರಣಗೊಂಡಿವೆ. 2023ರಲ್ಲಿ ಶುರುವಾದ ಮುಂಬಯಿ–ಸೊಲ್ಲಾಪುರ ವಂದೇ ಭಾರತ್ ಓಡುವುದೂ ಕರೆಂಟಿನಿಂದಲೇ. ಇನ್ನು ಬಸ್ಸು, ಬೈಕು, ನೀರಿನ ಪಂಪುಗಳ ಸರದಿ. ಡೀಸೆಲ್ ಇಂಜನ್ ತಾನು ಕುಡಿದ ಎಣ್ಣೆಯ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗವನ್ನಷ್ಟೇ ಕೆಲಸಕ್ಕೆ ಹಚ್ಚುತ್ತದೆ, ಉಳಿದದ್ದು ಶಾಖವಾಗಿ ಹೋಗುತ್ತದೆ. ವಿದ್ಯುತ್ ಮೋಟಾರಿನಲ್ಲಿ ಪೋಲಾಗುವುದು ಬಹಳ ಕಡಿಮೆ.

ಎಥೆನಾಲ್ ಇದೆಯಲ್ಲ ಎನ್ನುವವರಿದ್ದಾರೆ. 2025ರಲ್ಲಿ ಪೆಟ್ರೋಲಿಗೆ ಶೇ. 20ರಷ್ಟು ಎಥೆನಾಲ್ ಬೆರೆಸುವ ಮಟ್ಟ ಮುಟ್ಟಿದ್ದೇವೆ, ನಿಜ. ಆದರೆ ನಮ್ಮದು ಮಳೆನೆರಳಿನ ನಾಡು. ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಟ್ಯಾಂಕರಿನ ದಾರಿ ಕಾಯುವ ಊರುಗಳಲ್ಲಿ ಕಬ್ಬು ಬೆಳೆದು ಇಂಧನ ತೆಗೆದರೆ, ಪರದೇಶದ ಎಣ್ಣೆಯ ಬದಲು ಮಕ್ಕಳ ಪಾಲಿನ ನೀರನ್ನೇ ಸುಟ್ಟಂತೆ. ಇದು ನಮಗೆ ಒಪ್ಪಿಗೆಯಿಲ್ಲ.

ನಮಗೆ ಹೊಂದುವುದು ಬಿಸಿಲು. 2019ರಲ್ಲಿ ಆರಂಭವಾದ ಪಿಎಂ-ಕುಸುಮ್ ಯೋಜನೆಯಲ್ಲಿ ಸೌರ ಪಂಪಿಗೆ ಸಹಾಯಧನವಿದೆ. ಡೀಸೆಲ್ ಪಂಪು ಇರುವ ಹೊಲಕ್ಕೆ ಅದು ಮೊದಲು ತಲುಪಲಿ. ಒಂದು ಎಚ್ಚರಿಕೆಯೂ ಬೇಕು. ಬಿಸಿಲಿಗೆ ಬಿಲ್ಲಿಲ್ಲವೆಂದು ದಿನವಿಡೀ ಪಂಪು ಓಡಿಸಿದರೆ ಬೋರು ಬತ್ತುತ್ತದೆ. ಸೌರ ಪಂಪಿನ ಜೊತೆ ಹನಿ ನೀರಾವರಿ ಇರಲೇಬೇಕು.

ಶಿಕ್ಷಕ ಬಂಧುಗಳೇ, ಪಾಲಕರೇ, ಈ ವರ್ಷದ ವಿಜ್ಞಾನ ಪ್ರಕಲ್ಪಕ್ಕೆ ಥರ್ಮೋಕೋಲಿನ ಪವನಚಕ್ಕಿ ಬೇಡ. ಊರಲ್ಲಿ ಡೀಸೆಲ್ ಪಂಪು ಎಷ್ಟಿವೆ, ದಿನಕ್ಕೆ ಎಷ್ಟು ಲೀಟರ್ ಕುಡಿಯುತ್ತವೆ ಎಂದು ಮಕ್ಕಳೇ ಲೆಕ್ಕ ಹಾಕಲಿ. ಆ ಲೆಕ್ಕವನ್ನು ಗ್ರಾಮಸಭೆಯಲ್ಲಿ ಅವರೇ ಓದಲಿ. ಸೌರ ಪಂಪು ಮೊದಲು ಯಾರ ಹೊಲಕ್ಕೆ ಬರಬೇಕೆಂದು ಊರು ಅಲ್ಲೇ ಕೂತು ತೀರ್ಮಾನಿಸಲಿ.