ಪೈಪ್ ಕೆತ್ತಿದ್ದಕ್ಕೆ ನಕ್ಕವರಿಗೆ

ಹೊಗೆಸೊಪ್ಪು ಬೆಳೆಯೋ ನಮ್ಮ ಹುಣಸೂರು ಸೀಮೆ ಅಣ್ಣತಮ್ಮಂದಿರೇ, ಹರಾಜು ಮುಗಿದ ಮೇಲೆ ಜಗಲಿ ಮೇಲೆ ಕೂತು ಮರದ ಪೈಪ್ ಕೆತ್ತೋದು ಕಲಿತಾ ಇದ್ದೀನಿ. ನೋಡಿದವರೆಲ್ಲ ನಕ್ಕರು. "ಕೆಲಸ ಇಲ್ವೇನಣ್ಣ, ಅಂಗಡೀಲಿ ಸಿಗಲ್ವಾ?" ಅಂದ್ರು. ಉತ್ತರ ಇಲ್ಲೇ ಕೊಡ್ತೀನಿ.

ಮೊದಲೇ ಹೇಳ್ತೀನಿ, ನಾನು ಸೇದೋನಲ್ಲ, ಸೇದಿ ಅಂತ ಹೇಳೋನೂ ಅಲ್ಲ. ಸೇದೋ ಪೈಪನ್ನ ಮೆಡಿಟರೇನಿಯನ್ ಕಡೆ ಬೆಳೆಯೋ ಬ್ರಯರ್ ಗಿಡದ ಬೇರುಗಂಟಿನಲ್ಲಿ ಮಾಡ್ತಾರೆ. ಅದು ಬೆಂಕಿ ತಡೀತದೆ. ಆ ಗಂಟನ್ನ ಗಂಟೆಗಟ್ಟಲೆ ಕುದಿಸಿ, ತಿಂಗಳುಗಟ್ಟಲೆ ಒಣಗಿಸಿ ಆಮೇಲೆ ಉಳಿ ಮುಟ್ಟಿಸ್ತಾರೆ. ನನ್ನದು ಹುಣಸೆ ತುಂಡು, ಕೈ ಪಳಗಲಿ ಅಂತ ಮಾತ್ರ. ಸಿಕ್ಕ ಮರದ್ದು ಕೆತ್ತಿ ಬಾಯಿಗಿಡಬೇಡಿ.

ಮೂರು ತುಂಡು ಹಾಳು ಮಾಡಿದೆ. ಮೊದಲನೇದು ಹಸಿ ಮರ, ಹದಿನೈದು ದಿನಕ್ಕೆ ಸೀಳು ಬಿಡ್ತು. ಎರಡನೇದಕ್ಕೆ ಚೆಂದ ನೋಡಿ ಹೊರಗಿನ ಆಕಾರ ಮೊದಲು ಕೆತ್ತಿದೆ. ಆಮೇಲೆ ಬೈರಿಗೆ ಹಾಕೋಕೆ ಹೋದ್ರೆ ಹಿಡಿಯೋಕೆ ಚಪ್ಪಟೆ ಮುಖವೇ ಇಲ್ಲ! ತುಂಡು ಚೌಕವಾಗಿರುವಾಗಲೇ ತೂತು ಕೊರೀಬೇಕು, ಆಕಾರ ಆಮೇಲೆ. ಮೂರನೇದರಲ್ಲಿ 4 ಮಿ.ಮೀ. ಹೊಗೆ ತೂತು ಬಟ್ಟಲಿನ ತಳಕ್ಕೆ ಸೇರೋ ಬದಲು ಮೇಲಕ್ಕೆ ಸೇರ್ತು. ಹಂಗಾದ್ರೆ ತಳದ ಸೊಪ್ಪು ಉರಿಯೋದೇ ಇಲ್ಲ, ತೇವವಾಗಿ ಕೂತುಬಿಡ್ತದೆ.

ಇದರಿಂದ ಏನು ಲಾಭ ಅಂತೀರಾ? ಕೇಳಿ. ಬ್ಯಾರನ್ನಿನಲ್ಲಿ ಸೊಪ್ಪು ಬಣ್ಣ ತಿರುಗೋ ಮುಂಚೆ ಶಾಖ ಏರಿಸಿದ್ರೆ ಹಸಿರಾಗೇ ಒಣಗಿ ಗ್ರೇಡ್ ಹೋಗ್ತದೆ ಅಂತ ನಮ್ಮ ಮಕ್ಕಳಿಗೂ ಗೊತ್ತು. ಎಲೆಗೆ ಇರೋ ಆ ತಾಳ್ಮೆ ಮರಕ್ಕೆ ಯಾಕಿಲ್ಲ? ಸಂತೆಯಿಂದ ತಂದ ಗುದ್ದಲಿ ಕಾವು ತಿಂಗಳಿಗೆ ಮುರಿದ್ರೆ ಅಂಗಡಿಯವನನ್ನ ಬಯ್ತೀವಿ. ಅದು ಹಸಿ ಮರವೋ, ನಾರು ಅಡ್ಡ ಓಡಿದೆಯೋ, ಕೊಳ್ಳೋವಾಗ ನೋಡೋ ಕಣ್ಣೇ ನಮಗಿಲ್ಲ. ನಮ್ಮಪ್ಪನ ಕಾಲದಲ್ಲಿ ಊರ ಆಚಾರ್ರು ನೋಡ್ತಿದ್ರು. ಈಗ ಅವರ ಮಕ್ಕಳು ಪಟ್ಟಣದಲ್ಲಿದ್ದಾರೆ. ತಪ್ಪು ಅವರದ್ದಲ್ಲ, ಹೊಟ್ಟೆ ತುಂಬೋಷ್ಟು ಕೆಲಸ ನಾವೇ ಕೊಡಲಿಲ್ಲ.

ಅತ್ತ ನೆಟ್ಟಗಿನ ಜಾಲಿ ದಿಮ್ಮಿಗಳನ್ನ ದುಡ್ಡು ಕೊಟ್ಟು ತರಿಸಿ ಬ್ಯಾರನ್ ಒಲೆಗೆ ತುಂಬ್ತೀವಿ. ಇತ್ತ ಕಾವಿಗೆ ಮತ್ತೆ ದುಡ್ಡು ಕೊಡ್ತೀವಿ. ಇದು ಬುದ್ಧಿವಂತಿಕೆಯೇನ್ರಪ್ಪ?

"ಟೈಮಿಲ್ಲ" ಅನ್ನಬೇಡಿ. ಬೇಸಿಗೆ ಮಧ್ಯಾಹ್ನ ಮೊಬೈಲ್ ಉಜ್ಜೋಕೆ ಟೈಮಿದೆ. "ವಯಸ್ಸಾಯ್ತು" ಅಂತಲೂ ಬೇಡ. ಹಾಳಾಗೋದು ಒಂದು ಸೌದೆ ತುಂಡು, ಅದು ಹೆಂಗಿದ್ರೂ ಉರಿಯೋಕೆ ಬಂದಿದ್ದೇ. ಅದಕ್ಕಿಂತ ಅಗ್ಗದ ಪಾಠ ಎಲ್ಲಿ ಸಿಗ್ತದೆ?

ನೀವು ಪೈಪೇ ಕೆತ್ತಿ ಅಂತಲ್ಲ. ಈ ಸಲ ಸೌದೆ ಲೋಡ್ ಇಳಿದಾಗ ಗಂಟಿಲ್ಲದ, ನಾರು ನೆಟ್ಟಗಿರೋ ನಾಲ್ಕು ತುಂಡು ಪಕ್ಕಕ್ಕಿಡಿ. ಎರಡೂ ತುದಿಗೆ ಮೇಣವೋ ಹಳೇ ಪೇಂಟೋ ಬಳಿದು ನೆರಳಲ್ಲಿ ಒಂದು ವರ್ಷ ಮರೆತುಬಿಡಿ. ತುದಿಯಿಂದ ಬೇಗ ಒಣಗೋದಕ್ಕೇ ಮರ ಸೀಳೋದು. ಮುಂದಿನ ಬೇಸಿಗೆಗೆ ಒಂದು ಕಾವು ನೀವೇ ಕೆತ್ತಿ. ಮೊದಲನೇದು ಸೊಟ್ಟಗೇ ಬರ್ತದೆ. ಬರಲಿ, ನಗೋರು ನಗಲಿ.

ನನ್ನ ನಾಲ್ಕನೇ ತುಂಡಿನ ತೂತು ತಳಕ್ಕೇ ಸೇರಿದೆ. ನೋಡೋರು ಸಂಜೆ ಮನೆ ಕಡೆ ಬನ್ನಿ, ಬೈರಿಗೆ ನಿಮ್ಮ ಕೈಗೇ ಕೊಡ್ತೀನಿ.