ಮ್ಯಾನ್‌ಹೋಲ್ ಸುತ್ತ ಮೊದಲು ಹಗ್ಗ ಕಟ್ಟಿ

ಸ್ವಲ್ಪ ಉದ್ದ ಇದೆ, ಓದಿ.

ಹೆದ್ದಾರಿಯಲ್ಲಿ ಗ್ಯಾಸ್ ಟ್ಯಾಂಕರ್ ಪಲ್ಟಿ ಆದ್ರೆ ಏನಾಗುತ್ತೆ ನೋಡಿದ್ದೀರಿ. ಎರಡೂ ಕಡೆ ಗಾಡಿ ನಿಲ್ಲಿಸ್ತಾರೆ, ಬೀಡಿ ಹಚ್ಚಬೇಡಿ ಅಂತ ಕೂಗ್ತಾರೆ, ಫೈರ್ ಇಂಜಿನ್ ಬರೋವರೆಗೂ ಒಬ್ಬ ನರಪಿಳ್ಳೆಯನ್ನೂ ಹತ್ತಿರ ಬಿಡಲ್ಲ. ಸರಿಯಾದ ಕ್ರಮವೇ. ಅದೇ ಮ್ಯಾನ್‌ಹೋಲ್ ಒಳಗೆ ನಮ್ಮವನೊಬ್ಬ ಕುಸಿದು ಬಿದ್ರೆ? ಸುತ್ತ ನೂರು ಜನ, ಕೈಯಲ್ಲಿ ಮೊಬೈಲು. "ಯಾರಾದ್ರೂ ಇಳಿದು ಎತ್ರೋ" ಅಂತ ಮೇಸ್ತ್ರಿ ಕೂಗ್ತಿರ್ತಾನೆ. ಇಳಿಯೋದೂ ನಮ್ಮವನೇ.

ಅದೂ ವಿಷಾನಿಲದ ಅವಘಡವೇ ಕಣ್ರೀ. ಗುಂಡಿಯಲ್ಲಿರೋದು ಹೈಡ್ರೋಜನ್ ಸಲ್ಫೈಡ್. ಮೊದಲು ಕೊಳೆತ ಮೊಟ್ಟೆ ವಾಸನೆ. ಪ್ರಮಾಣ ಸುಮಾರು 100 ಪಿಪಿಎಂ ಮುಟ್ಟಿದ ಮೇಲೆ ಮೂಗೇ ಸತ್ತುಹೋಗುತ್ತೆ. "ವಾಸನೆ ಹೋಯ್ತು, ಇಳಿ" ಅಂತಾರಲ್ಲ, ಸಾವು ಕಾದಿರೋದು ಅಲ್ಲೇ. 1000ದ ಹತ್ತಿರ ಹೋದ್ರೆ ಒಂದೆರಡು ಉಸಿರಿಗೇ ಮನುಷ್ಯ ಬೀಳ್ತಾನೆ. ಮುಖಕ್ಕೆ ಕಟ್ಟಿದ ಟವೆಲ್ಲು, ಕೋವಿಡ್ ಮಾಸ್ಕು ಯಾವುದೂ ಇದನ್ನ ತಡೆಯಲ್ಲ.

ನಮ್ಮ ಕೇರಿಯಲ್ಲೂ ಹೀಗೇ ಆಯ್ತು. ಮೊದಲು ಇಳಿದವನ ಸದ್ದು ನಿಂತಿತು. ಹಿಂದೆಯೇ ನನ್ನ ಚಿಕ್ಕಪ್ಪನ ಮಗ ಇಳಿದ. ಅವನಿಗೆ ಆವತ್ತು ಅಲ್ಲಿ ಕೆಲಸವೇ ಇರಲಿಲ್ಲ, ಟೀ ಕುಡಿಯೋಕೆ ಬಂದಿದ್ದ. ಇಬ್ಬರ ಹೆಣವೂ ಒಟ್ಟಿಗೆ ಮನೆಗೆ ಬಂತು.

ಅದಕ್ಕೇ ಹುಡುಗರಿಗೆ ಹೇಳ್ತಿದ್ದೀನಿ: ಒಡಹುಟ್ಟಿದವನೇ ಬಿದ್ದಿದ್ರೂ ಇಳೀಬೇಡಿ. ಕಲ್ಲುಮನಸ್ಸು ಅಂತ ಬೈದ್ರೂ ಬೈಸಿಕೊಳ್ಳಿ. 112ಕ್ಕೆ ಫೋನ್ ಮಾಡಿ, "ಒಳಗೆ ವಿಷಗಾಳಿ ಇದೆ, ಸಿಲಿಂಡರ್ ಸೆಟ್ ತನ್ನಿ" ಅಂತ ಬಿಡಿಸಿ ಹೇಳಿ. ಜನರನ್ನ ಗಾಳಿ ಬೀಸಿ ಬರೋ ಕಡೆಗೆ, ದೂರಕ್ಕೆ ಸರಿಸಿ. ಬೀಡಿ, ಸಿಗರೇಟು ಬೇಡ, ಒಳಗೆ ಮಿಥೇನೂ ಇರುತ್ತೆ. ಸೊಂಟಕ್ಕೆ ಮೊದಲೇ ಹಗ್ಗ ಕಟ್ಟಿದ್ರೆ ಮೇಲಿಂದಲೇ ಎಳೀಬಹುದಿತ್ತು, ಆದ್ರೆ ಆ ಹಗ್ಗಕ್ಕೂ ಗುತ್ತಿಗೆದಾರನ ಹತ್ರ ದುಡ್ಡಿರಲ್ಲ. ಇಳಿಯಲೇಬೇಕು ಅಂದ್ರೆ ಗ್ಯಾಸ್ ಮೀಟರ್ ಬಿಟ್ಟು ನೋಡಿ, ಬೆನ್ನಿಗೆ ಗಾಳಿ ಸಿಲಿಂಡರ್ ಹಾಕಿಕೊಂಡ, ತರಬೇತಿ ಆದವನು ಇಳೀಲಿ. ಅವನ ಜಾತಿ ಯಾವುದಾದ್ರೂ ಆಗಲಿ.

ಇದನ್ನೆಲ್ಲ ನಾನು ಹೊಸದಾಗಿ ಕೇಳ್ತಿಲ್ಲ. ಸುರಕ್ಷಾ ಸಾಧನ ಇಲ್ಲದೆ ಚರಂಡಿಗೆ ಇಳಿಸೋದನ್ನ 2013ರ ಕಾಯ್ದೆಯೇ ಅಪರಾಧ ಅನ್ನುತ್ತೆ. ತುರ್ತು ಸಂದರ್ಭವಾದ್ರೂ ಇಳಿಸಬಾರದು ಅಂತ ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿ, ಒಂದು ಸಾವಿಗೆ 10 ಲಕ್ಷ ಪರಿಹಾರ ಅಂದಿತ್ತು. 2023ರ ಅಕ್ಟೋಬರ್‌ನಲ್ಲಿ ಅದನ್ನ 30 ಲಕ್ಷ ಮಾಡಿತು. ಪರಿಹಾರ ಮೂರು ಪಟ್ಟಾಯ್ತು. ಮೀಟರು ಎಷ್ಟು ಊರಿಗೆ ಬಂತು?

ನಾನು ಗುಮಾಸ್ತ, ಫೈಲು ಹೇಗೆ ಸಾಯುತ್ತೆ ಅಂತ ಬಲ್ಲೆ. "ಆಕಸ್ಮಿಕ ಸಾವು" ಅಂತ ಒಂದು ಸಾಲು ಬಿದ್ರೆ ಮುಗೀತು. ಎಫ್‌ಐಆರ್‌ನಲ್ಲಿ 2013ರ ಕಾಯ್ದೆಯ ಹೆಸರು ಇಲ್ಲದೆ ಯಾವ ಮನೆಯವರೂ ಸಹಿ ಹಾಕಬೇಡಿ.

ಸೋಮವಾರ ಬೆಳಿಗ್ಗೆ ಪುರಸಭೆಗೆ ಅರ್ಜಿ ಕೊಡ್ತಿದ್ದೀವಿ. ಕೇಳೋದು ಇಷ್ಟೇ: ಗ್ಯಾಸ್ ಮೀಟರು, ಸಿಲಿಂಡರ್ ಸೆಟ್ಟು, ಹಗ್ಗ ನಿಮ್ಮ ಹತ್ರ ಎಷ್ಟಿದೆ, ತೋರಿಸಿ. ರಜೆ ಹಾಕಿ ಬನ್ನಿ. ನಾನೂ ಹಾಕಿದ್ದೀನಿ.